ಪಕ್ಷೇತರ ಶಾಸಕರ ಮತವನ್ನು ಎಲ್ಲಿ ಬರೆದಿಡುತ್ತಾರೆ?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ನಾನು ಆಡಿದ ಮಾತು ಇದು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಾ? ಸರಿ.

ನಮ್ಮ ಜಿಲ್ಲೆಯ ಮಂಜೇಶ್ವರ ಕ್ಷೇತ್ರದವರನ್ನು ಒಂದು ಲೆಕ್ಕ ಕೇಳಿ ನೋಡಿ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಎಷ್ಟು ಮತದಿಂದ ಗೆದ್ದರು? ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ: 89. 2021ರಲ್ಲಿ ಎ.ಕೆ.ಎಂ. ಅಶ್ರಫ್? 745. ಯಾವ ಬೂತಿನಲ್ಲಿ ಎಷ್ಟು ಬಿತ್ತು, ಯಾರ ಮನೆಯವರು ಗಲ್ಫಿನಿಂದ ಬರಲಿಲ್ಲ, ಎಲ್ಲಾ ಬಾಯಿಪಾಠ. ಈಗ ಇನ್ನೊಂದು ಪ್ರಶ್ನೆ. ನಾವು ಆರಿಸಿ ಕಳಿಸಿದವರು ತಿರುವನಂತಪುರದಲ್ಲಿ ತಮ್ಮ ಮತವನ್ನು ಯಾವುದಕ್ಕೆ ಹಾಕಿದರು? ಇದಕ್ಕೆ ಉತ್ತರ ಹೇಳುವವರು ಈ ಕೋಣೆಯಲ್ಲಿ ಯಾರೂ ಇಲ್ಲ. ನಾನೂ ಸೇರಿ.

ಇದು ನಮ್ಮ ಉದಾಸೀನ ಮಾತ್ರ ಅಲ್ಲ. ಬರೆದಿಟ್ಟಿದ್ದರಲ್ವಾ ಓದುವುದು?

ಸದನದಲ್ಲಿ ಮತ ಹಾಕುವುದು ಅಂದರೆ ಹೇಗಿರುತ್ತದೆ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಟಿ.ವಿ.ಯಲ್ಲಿ ಗಲಾಟೆ ಆದ ದಿನ ಮಾತ್ರ ನೋಡಿರುತ್ತೇವೆ. ಒಂದು ಮಸೂದೆಯ ಚರ್ಚೆ ಮುಗಿಯುತ್ತದೆ. ಸ್ಪೀಕರ್ ಕೇಳುತ್ತಾರೆ, ಪರವಾಗಿರುವವರು ಹೇಳಿ. ಒಂದಷ್ಟು ಜನ ಹೌದು ಅನ್ನುತ್ತಾರೆ. ವಿರೋಧ ಇರುವವರು ಹೇಳಿ. ಇನ್ನೊಂದಷ್ಟು ಜನ ಇಲ್ಲ ಅನ್ನುತ್ತಾರೆ. ಯಾವ ಕಡೆ ದನಿ ದೊಡ್ಡದು ಅಂತ ಸ್ಪೀಕರ್ ಕಿವಿಯಲ್ಲೇ ಅಂದಾಜು ಮಾಡಿ, ಅಂಗೀಕಾರವಾಯಿತು ಅನ್ನುತ್ತಾರೆ. ಇಷ್ಟೇ. ಧ್ವನಿಮತ ಅನ್ನುವುದು ಇದಕ್ಕೇ. ಒಂದು ಕಲಂ ಆದ ಮೇಲೆ ಇನ್ನೊಂದು ಕಲಂ, ಪಟಪಟ ಅಂತ ಹೋಗುತ್ತದೆ. ಮಂಜೇಶ್ವರದ ಶಾಸಕರು ಹೌದು ಅಂದರಾ, ಇಲ್ಲ ಅಂದರಾ, ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಿದ್ದರಾ, ಯಾವುದೂ ಪುಸ್ತಕದಲ್ಲಿ ಸಿಗುವುದಿಲ್ಲ.

ಹೆಸರು ಪುಸ್ತಕಕ್ಕೆ ಬರಬೇಕಾದರೆ ಒಬ್ಬ ಸದಸ್ಯ ಎದ್ದು ನಿಂತು ಸ್ಪೀಕರ್ ಹೇಳಿದ್ದನ್ನು ಒಪ್ಪದೆ ಡಿವಿಷನ್ ಕೇಳಬೇಕು. ಆಗ ಗಂಟೆ ಬಾರಿಸುತ್ತಾರೆ, ಹೊರಗಿದ್ದವರು ಓಡಿ ಬರುತ್ತಾರೆ, ತಲೆ ಎಣಿಸುತ್ತಾರೆ, ಯಾರು ಯಾವ ಕಡೆ ಅಂತ ಬರೆದುಕೊಳ್ಳುತ್ತಾರೆ. ಸಂವಿಧಾನದ 189ನೇ ವಿಧಿ ಹೇಳುವುದು ಹಾಜರಿದ್ದು ಮತ ಹಾಕಿದವರ ಬಹುಮತ ಅಂತ ಮಾತ್ರ. ಕೂಗಿಯೋ ಎಣಿಸಿಯೋ ಅನ್ನುವುದನ್ನು ಸದನದ ನಿಯಮಗಳಿಗೆ ಬಿಟ್ಟಿದೆ. ಡಿವಿಷನ್ ಕೇಳಿದರೂ ಸಿಗದೇ ಹೋಗುವುದುಂಟು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾದ ರೀತಿ ನೆನಪಿದೆಯಲ್ಲ? ವಿರೋಧ ಪಕ್ಷದವರು ಎಣಿಸಿ ಅಂತ ಕೂಗಿದರು. ಗದ್ದಲದಲ್ಲಿ ಸದಸ್ಯರು ಅವರವರ ಜಾಗದಲ್ಲಿ ಇರಲಿಲ್ಲ ಅನ್ನುವುದು ಪೀಠದ ಕಡೆಯ ಉತ್ತರ. ಧ್ವನಿಮತದಲ್ಲೇ ಮುಗಿಯಿತು.

ನಮ್ಮದೇ ಕೇರಳದ ಒಂದು ಘಟನೆ ಹೇಳುತ್ತೇನೆ. ಅವರು ಪಕ್ಷೇತರರಲ್ಲ, ಆದರೆ ಸದನದಲ್ಲಿ ಒಬ್ಬರೇ ಇದ್ದರು, ಹಾಗಾಗಿ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ನೇಮಂ ಕ್ಷೇತ್ರದಿಂದ 2016ರಲ್ಲಿ ಗೆದ್ದ ಓ. ರಾಜಗೋಪಾಲ್, ಕೇರಳದಲ್ಲಿ ಬಿಜೆಪಿಯ ಮೊದಲ ಶಾಸಕ. 2019ರ ಡಿಸೆಂಬರ್ 31ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಸದನದಲ್ಲಿ ನಿರ್ಣಯ ಬಂತು. ಎಲ್ಲರೂ ಪರ, ಇವರೊಬ್ಬರು ವಿರೋಧ. ಸ್ಪಷ್ಟವಾಗಿತ್ತು. ಸರಿಯಾಗಿ ಒಂದು ವರ್ಷ ಬಿಟ್ಟು, 2020ರ ಡಿಸೆಂಬರ್ 31ಕ್ಕೆ, ಕೃಷಿ ಕಾಯ್ದೆಗಳ ವಿರುದ್ಧ ನಿರ್ಣಯ. ಇವರು ಚರ್ಚೆಯಲ್ಲಿ ಮಾತಾಡಿದರು, ಆಕ್ಷೇಪವನ್ನೂ ಹೇಳಿದರು. ಆದರೆ ಮತಕ್ಕೆ ಹಾಕಿದಾಗ ವಿರೋಧಿಸಲಿಲ್ಲ, ಡಿವಿಷನ್ನೂ ಕೇಳಲಿಲ್ಲ. ಸರ್ವಾನುಮತದ ಅಂಗೀಕಾರ ಅಂತಾಯಿತು. ಹೊರಗೆ ಬಂದ ಮೇಲೆ ಗದ್ದಲವೋ ಗದ್ದಲ. ಆಮೇಲೆ ಅವರು ಹೇಳಿಕೆ ಕೊಟ್ಟರು: ನಾನು ವಿರೋಧಿಸಿದ್ದೆ, ಪರ ಯಾರು ವಿರೋಧ ಯಾರು ಅಂತ ಸ್ಪೀಕರ್ ಬೇರೆ ಬೇರೆ ಕೇಳಲೇ ಇಲ್ಲ ಅಂತ.

ನಾನು ಅವರ ಪರವೂ ಅಲ್ಲ, ವಿರೋಧವೂ ಅಲ್ಲ. ಆದರೆ ನೋಡಿ, ಐವತ್ತು ಅರವತ್ತು ವರ್ಷ ರಾಜಕೀಯ ಮಾಡಿದ, ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದ ಒಬ್ಬರ ಮತ ಯಾವ ಕಡೆ ಅನ್ನುವುದೇ ಅದೇ ದಿನ ಸಂಜೆ ವಾದದ ವಿಷಯವಾಯಿತು! ಡಿವಿಷನ್ ಅಂತ ಒಂದು ಮಾತು ಬಾಯಿಂದ ಬಂದಿದ್ದರೆ ವಾದವೇ ಇರುತ್ತಿರಲಿಲ್ಲ. ಪಕ್ಷದ ಶಾಸಕರಾದರೆ ಪರವಾಗಿಲ್ಲ, ಅವರ ಪಕ್ಷ ಯಾವ ಕಡೆಯೋ ಅವರೂ ಆ ಕಡೆ ಅಂತ ತಿಳಿದುಕೊಳ್ಳಬಹುದು, ವಿಪ್ ಇರುತ್ತದೆ, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ. ಪಕ್ಷೇತರರ ವಿಷಯದಲ್ಲಿ ಹಾಗೆ ಊಹೆ ಮಾಡಲಿಕ್ಕೂ ದಾರಿ ಇಲ್ಲ. ಅವರಿಗೆ ವಿಪ್ ಕೊಡುವವರು ಯಾರೂ ಇಲ್ಲ. ಹಾಗಾಗಿ ಯಾರ ಮತ ತಿಳಿಯಬೇಕು ಅಂತ ನಮಗೆ ನಿಜವಾಗಿ ಆಸೆ ಇದೆಯೋ ಅವರದ್ದೇ ಸಿಗುವುದಿಲ್ಲ.

ಹಾಗಾದರೆ ಪಕ್ಷೇತರರ ಮತ ಪೇಪರಿನಲ್ಲಿ ಬರುವುದು ಯಾವಾಗ? ಸರಕಾರ ಅಲ್ಲಾಡುವಾಗ. ಆಗ ಪ್ರತಿ ತಲೆಗೂ ಬೆಲೆ. ಕೇರಳದಲ್ಲಿ 1981ರ ಕೊನೆಗೆ ಕೆ. ಕರುಣಾಕರನ್ ಸರಕಾರ ಹೇಗೆ ನಿಂತಿತ್ತು ಅಂತ ಇಲ್ಲಿರುವ ಹಿರಿಯರಿಗೆ ಗೊತ್ತಿರುತ್ತದೆ. ಎರಡೂ ಕಡೆ ಸಮ ಸಮ. ಸ್ಪೀಕರ್ ಎ.ಸಿ. ಜೋಸ್ ತಮ್ಮ ನಿರ್ಣಾಯಕ ಮತ ಹಾಕಿ ಹಾಕಿ ಸರಕಾರವನ್ನು ಉಳಿಸುತ್ತಿದ್ದರು. 1982ರ ಮಾರ್ಚ್‌ನಲ್ಲಿ ಲೋನಪ್ಪನ್ ನಂಬಾಡನ್ ಒಬ್ಬರು ಆ ಕಡೆಯಿಂದ ಎದ್ದರು, ಸರಕಾರ ಬಿತ್ತು. ಅವರೂ ಪಕ್ಷದವರೇ, ಕೇರಳ ಕಾಂಗ್ರೆಸ್. ಆದರೆ ಆ ಒಂದು ತಲೆಯ ಬೆಲೆ ಎಷ್ಟು ಅನ್ನುವುದಕ್ಕೆ ಹೇಳಿದೆ.

ಈಗ ಗಡಿಯ ಆಚೆ ಹೋಗೋಣ. 2008ರ ಕರ್ನಾಟಕ. 224 ಸ್ಥಾನ, ಬಿಜೆಪಿಗೆ 110. ಮೂರು ಕಮ್ಮಿ. ಪಕ್ಷೇತರರು ಗೆದ್ದದ್ದು ಆರು ಜನ. ಅವರಲ್ಲಿ ಐದು ಜನ ಯಡಿಯೂರಪ್ಪನವರಿಗೆ ಬೆಂಬಲ ಕೊಟ್ಟರು, ಮಂತ್ರಿಗಳೂ ಆದರು: ಹಿರಿಯೂರಿನ ಡಿ. ಸುಧಾಕರ್, ಹೊಸದುರ್ಗದ ಗೂಳಿಹಟ್ಟಿ ಶೇಖರ್, ಪಾವಗಡದ ವೆಂಕಟರಮಣಪ್ಪ, ಕನಕಗಿರಿಯ ಶಿವರಾಜ ತಂಗಡಗಿ, ಮಳವಳ್ಳಿಯ ನರೇಂದ್ರಸ್ವಾಮಿ. 2010ರ ಅಕ್ಟೋಬರಿನಲ್ಲಿ ಇವರು ಬಿಜೆಪಿಯ 11 ಭಿನ್ನಮತೀಯರ ಜೊತೆ ಸೇರಿ ಬೆಂಬಲ ವಾಪಸ್ ಪಡೆದರು. ವಿಶ್ವಾಸಮತದ ಹಿಂದಿನ ದಿನ, ಅಕ್ಟೋಬರ್ 10ಕ್ಕೆ, ಸ್ಪೀಕರ್ ಕೆ.ಜಿ. ಬೋಪಯ್ಯ ಹದಿನಾರೂ ಜನರನ್ನು ಅನರ್ಹ ಮಾಡಿದರು. ಮರುದಿನ ಸದನದಲ್ಲಿ ಏನಾಯಿತು ಗೊತ್ತಲ್ಲ, ಬಾಗಿಲಲ್ಲಿ ಪೊಲೀಸರು, ಒಳಗೆ ನೂಕಾಟ, ಆ ಗಲಾಟೆಯ ಮಧ್ಯೆ ವಿಶ್ವಾಸಮತ ಪಾಸಾಯಿತು. ಹೇಗೆ? ಧ್ವನಿಮತದಲ್ಲಿ! ಒಂದು ಸರಕಾರ ಉಳಿಯುತ್ತದೋ ಇಲ್ಲವೋ ಅನ್ನುವ ದಿನವೂ ತಲೆ ಎಣಿಸಲಿಲ್ಲ. ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಒಪ್ಪಲಿಲ್ಲ. 14ಕ್ಕೆ ಮತ್ತೆ ಮಾಡಿದರು, ಆಗ ಎಣಿಸಿದರು, 106ಕ್ಕೆ 100.

ಆ ಐದು ಜನರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಇದು ಸ್ವಲ್ಪ ನಿಧಾನವಾಗಿ ಕೇಳಿ. ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ, ಹತ್ತನೇ ಅನುಸೂಚಿ. ಅದರಲ್ಲಿ ಪಕ್ಷೇತರರಿಗೆ ಪ್ರತ್ಯೇಕ ಒಂದು ಸಾಲು ಇದೆ: ಗೆದ್ದ ಮೇಲೆ ಯಾವುದಾದರೂ ಪಕ್ಷಕ್ಕೆ ಸೇರಿದರೆ ಸ್ಥಾನ ಹೋಯಿತು. ಸ್ಪೀಕರ್ ಹೇಳಿದ್ದು, ಇವರು ಮಂತ್ರಿಗಳಾದರು, ಬಿಜೆಪಿ ಶಾಸಕಾಂಗ ಪಕ್ಷದ ಸಭೆಯಲ್ಲಿ ಕೂತರು, ಹಾಗಾದರೆ ಪಕ್ಷಕ್ಕೆ ಸೇರಿದ ಹಾಗೆಯೇ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬೆಂಬಲ ಕೊಡುವುದು ಬೇರೆ, ಪಕ್ಷ ಸೇರುವುದು ಬೇರೆ. ಮಂತ್ರಿ ಆದ ಮಾತ್ರಕ್ಕೆ ಪಕ್ಷದವನಾಗುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿ ಅಂತ ನನಗೂ ಅನಿಸುತ್ತದೆ. ಆದರೆ ಇನ್ನೊಂದು ಮುಖ ನೋಡಿ. ಪಕ್ಷೇತರ ಶಾಸಕ ಇವತ್ತು ಈ ಸರಕಾರದಲ್ಲಿ ಮಂತ್ರಿ, ನಾಳೆ ಬೆಂಬಲ ವಾಪಸ್, ನಾಡಿದ್ದು ಆ ಸರಕಾರದಲ್ಲಿ ಮಂತ್ರಿ ಆದರೂ ಕಾನೂನು ಕೈ ಹಾಕುವುದಿಲ್ಲ. 2019ರಲ್ಲಿ ಮುಳಬಾಗಿಲಿನ ಪಕ್ಷೇತರ ಎಚ್. ನಾಗೇಶ್ ಹೀಗೇ ಕುಮಾರಸ್ವಾಮಿ ಸಂಪುಟದಲ್ಲಿ ಮಂತ್ರಿ ಆದರು, ತಿಂಗಳೊಳಗೆ ಹೊರಬಂದರು, ಸರಕಾರ 99ಕ್ಕೆ 105ರಲ್ಲಿ ಬಿತ್ತು, ಆಮೇಲೆ ಯಡಿಯೂರಪ್ಪ ಸಂಪುಟದಲ್ಲೂ ಮಂತ್ರಿ ಆದರು.

ಕೇರಳದಲ್ಲಿ ಪಕ್ಷೇತರ ಅಂದರೆ ಇನ್ನೊಂದು ಥರ. ಇಲ್ಲಿ ಎಡರಂಗ ಬೆಂಬಲಿತ ಪಕ್ಷೇತರ ಅಂತ ಒಂದು ಜಾತಿಯೇ ಇದೆ, ಚಿಹ್ನೆ ಬೇರೆ, ಆದರೆ ಪೋಸ್ಟರ್ ಅಂಟಿಸುವವರು ಪಕ್ಷದ ಹುಡುಗರೇ. ಕೆ.ಟಿ. ಜಲೀಲ್ ಹಾಗೆ ಗೆದ್ದವರು. ನಿಲಂಬೂರಿನ ಪಿ.ವಿ. ಅನ್ವರ್ 2016, 2021 ಎರಡು ಸಲ ಹಾಗೆ ಗೆದ್ದರು, ಆಮೇಲೆ ಸರಕಾರದ ಜೊತೆ ಜಗಳ ಆಗಿ ತೃಣಮೂಲ ಕಾಂಗ್ರೆಸ್ ಕಡೆಗೆ ಹೋಗುವಾಗ, 2025ರ ಜನವರಿಯಲ್ಲಿ, ರಾಜೀನಾಮೆ ಕೊಟ್ಟರು. ಕೊಡದೆ ಪಕ್ಷ ಸೇರಿದ್ದರೆ ನಾನು ಆಗ ಹೇಳಿದ ಆ ಒಂದು ಸಾಲು ಅವರನ್ನು ಹಿಡಿಯುತ್ತಿತ್ತು.

ಸರಿ, ನಮ್ಮ ಊರಿಗೆ ಬರೋಣ. ನೀವು ಕಾದದ್ದು ಇದಕ್ಕೇ ಅಂತ ಗೊತ್ತು.

1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ನಾಲ್ಕೈದು ತಿಂಗಳಲ್ಲೇ ಚುನಾವಣೆ. 1957ರ ಆ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಆರಿಸಿ ಹೋದವರು ಎಂ. ಉಮೇಶ ರಾವ್, ಪಕ್ಷೇತರ, ಅದೂ ಅವಿರೋಧ. ಎದುರು ನಿಲ್ಲುವವರೇ ಇರಲಿಲ್ಲ! ಆಮೇಲೆ 1960ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿ. 1967ರಲ್ಲಿ ಮಂಜೇಶ್ವರದಿಂದ ಮತ್ತೆ ಭಂಡಾರಿ, ಕಾಸರಗೋಡಿನಿಂದ ಯು.ಪಿ. ಕುಣಿಕುಳ್ಳಾಯ, ಇಬ್ಬರೂ ಪಕ್ಷೇತರರೇ, ಇಬ್ಬರ ಹಿಂದೆಯೂ ಕರ್ನಾಟಕ ಸಮಿತಿ. ನಡುವೆ 1965ರಲ್ಲೂ ಒಂದು ಚುನಾವಣೆ ಆಗಿತ್ತು, ಆದರೆ ಯಾರಿಗೂ ಬಹುಮತ ಇಲ್ಲ ಅಂತ ಆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಗೆದ್ದವರು ಕುರ್ಚಿಯಲ್ಲಿ ಕೂರಲೂ ಇಲ್ಲ.

ಇವರನ್ನು ಜನ ಕಳಿಸಿದ್ದು ಒಂದೇ ಬೇಡಿಕೆಗೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು. ಈಗ ಸಂವಿಧಾನದ 3ನೇ ವಿಧಿ ತೆಗೆದು ನೋಡಿ. ರಾಜ್ಯದ ಗಡಿ ಬದಲಾಯಿಸುವ ಅಧಿಕಾರ ಇರುವುದು ಸಂಸತ್ತಿಗೆ. ರಾಜ್ಯ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಕೇಳಿದರೆ ಸಾಕು, ಅದನ್ನು ಒಪ್ಪಬೇಕಂತಲೂ ಇಲ್ಲ. ಅಂದರೆ ಯಾವ ಕೆಲಸಕ್ಕೆ ಇವರನ್ನು ಕಳಿಸಿದೆವೋ ಆ ಕೆಲಸ ಮಾಡುವ ಅಧಿಕಾರ ಆ ಸದನಕ್ಕೇ ಇರಲಿಲ್ಲ! ಮತಕ್ಕೆ ಹಾಕಿದ್ದರೂ ಏನಾಗುತ್ತಿತ್ತು? ನೂರಿಪ್ಪತ್ತಾರು ಚುನಾಯಿತ ಸದಸ್ಯರ ಸಭೆಯಲ್ಲಿ ಒಂದು ಕೈ, ಮತ್ತೆ 1967ರ 133ರಲ್ಲಿ ಎರಡು ಕೈ.

ಅದೇ 1957ರ ಸದನದಲ್ಲಿ ಬೇರೆ ಪಕ್ಷೇತರರ ಕೈಗೆ ಎಷ್ಟು ತೂಕ ಇತ್ತು ನೋಡಿ. ಕಮ್ಯುನಿಸ್ಟ್ ಪಕ್ಷಕ್ಕೆ 60 ಸ್ಥಾನ. ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಆದದ್ದು ಐದು ಪಕ್ಷೇತರರ ಬೆಂಬಲದಿಂದ. ತಲಶ್ಶೇರಿಯ ವಿ.ಆರ್. ಕೃಷ್ಣ ಅಯ್ಯರ್ ಅವರಲ್ಲೊಬ್ಬರು, ಕಾನೂನು ಮಂತ್ರಿಯಾದರು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಆದರು. ಆರೋಗ್ಯ ಮಂತ್ರಿ ಡಾ. ಎ.ಆರ್. ಮೆನನ್ ಕೂಡ ಪಕ್ಷೇತರರೇ. ಅವರ ಐದು ಕೈ ಇಲ್ಲದಿದ್ದರೆ ಭೂಸುಧಾರಣೆಯ ಮಸೂದೆಯೂ ಇಲ್ಲ, ಶಿಕ್ಷಣ ಮಸೂದೆಯೂ ಇಲ್ಲ. ಒಂದೇ ಸಭೆ, ಒಂದೇ ಹಣೆಪಟ್ಟಿ, ಒಬ್ಬರ ಮತ ಸರಕಾರವನ್ನು ಹೊತ್ತಿತ್ತು, ಇನ್ನೊಬ್ಬರ ಮತಕ್ಕೆ ಹಾಕುವ ಜಾಗವೇ ಇರಲಿಲ್ಲ.

ಹಾಗಂತ ಸಮಿತಿಯ ಶಾಸಕರನ್ನು ಕಳಿಸಿದ್ದು ದಂಡ ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಅವರ ಸ್ಥಾನವೇ ಒಂದು ಸಾಕ್ಷಿಯಾಗಿತ್ತು. 1966ರಲ್ಲಿ ಗಡಿ ತಕರಾರು ನೋಡಲು ಮಹಾಜನ ಆಯೋಗ ಆಯಿತು, 1967ರಲ್ಲಿ ವರದಿ ಕೊಟ್ಟಿತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಅಂತ ಅದರಲ್ಲಿತ್ತು. ಇಲ್ಲಿನ ಜನ ಏನು ಬಯಸುತ್ತಾರೆ ಅಂತ ಯಾರಾದರೂ ಕೇಳಿದರೆ ತೋರಿಸಲು ಚುನಾವಣೆಯ ಫಲಿತಾಂಶ ಇತ್ತಲ್ಲ. ಹೊಳೆಯ ಆಚೆಗೂ ಈಚೆಗೂ ಈಗ ಏನಾಗಿದೆ ಅಂತ ನಿಮಗೆ ಗೊತ್ತೇ ಇದೆ, ವರದಿ ವರದಿಯಾಗಿಯೇ ಉಳಿಯಿತು. 1970ರಲ್ಲಿ ಮಂಜೇಶ್ವರ ಸಿಪಿಐಯ ಎಂ. ರಾಮಪ್ಪನವರನ್ನು ಗೆಲ್ಲಿಸಿತು.

ನಮ್ಮದೇ ಕಥೆ ಉಲ್ಟಾ ಆಗಿ ಬೆಳಗಾವಿಯಲ್ಲಿ ನಡೆಯುತ್ತದೆ. ಅಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ. ಅವರ ಅಭ್ಯರ್ಥಿಗಳೂ ಪಕ್ಷೇತರರಾಗಿಯೇ ನಿಲ್ಲುತ್ತಾರೆ. 2013ರಲ್ಲಿ ಕೂಡ ಬೆಳಗಾವಿ ದಕ್ಷಿಣದಿಂದ ಸಂಭಾಜಿ ಪಾಟೀಲ, ಖಾನಾಪುರದಿಂದ ಅರವಿಂದ ಪಾಟೀಲ ಗೆದ್ದಿದ್ದರು. ಬೆಂಗಳೂರಿನ ಸದನದಲ್ಲಿ ಅವರು ಮರಾಠಿಯಲ್ಲಿ ಮಾತಾಡಿದರೆ ಕನ್ನಡ ಪೇಪರುಗಳಲ್ಲಿ ಸಿಟ್ಟು. ತಿರುವನಂತಪುರದಲ್ಲಿ ನಮ್ಮವರು ಕನ್ನಡದಲ್ಲಿ ಮಾತಾಡಿದರೆ ನಮಗೆ ಹೆಮ್ಮೆ. 2021ರಲ್ಲಿ ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಮಾಡಿದ ವಿಡಿಯೋ ನಮ್ಮ ಎಲ್ಲಾ ವಾಟ್ಸಾಪ್ ಗುಂಪುಗಳಲ್ಲೂ ಓಡಿತಲ್ವಾ? ಎರಡಕ್ಕೂ ಆಧಾರ ಒಂದೇ, 210ನೇ ವಿಧಿ. ರಾಜ್ಯಭಾಷೆಯಲ್ಲೋ ಹಿಂದಿ ಇಂಗ್ಲಿಷಿನಲ್ಲೋ ಸರಿಯಾಗಿ ಹೇಳಲು ಬಾರದವರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಬಿಡಬಹುದು. (ಇಲ್ಲಿ ಸಭೆಯಲ್ಲಿ ಸ್ವಲ್ಪ ಗುಸುಗುಸು. ಬೆಳಗಾವಿಯ ಹೋಲಿಕೆ ಕೆಲವರಿಗೆ ಹಿಡಿಸಲಿಲ್ಲ. ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ.)

ಮತದ ದಾಖಲೆ ಸಿಗುವುದಿಲ್ಲ ಅಂತಾದ ಮೇಲೆ ಓದಲಿಕ್ಕೆ ಏನಿದೆ? ಚರ್ಚೆ ಇದೆ. ಸದನದಲ್ಲಿ ಆಡಿದ ಮಾತನ್ನು ವರದಿಗಾರರು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುತ್ತಾರೆ. ಕೇರಳ ವಿಧಾನಸಭೆಯ ನಡಾವಳಿಗಳು ಈಗ ಅವರ ವೆಬ್‌ಸೈಟಿನಲ್ಲೇ ಇವೆ, ಹಳೆಯವೂ ಸಹ. ಮಲಯಾಳ ಓದಲು ಬರುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಮಕ್ಕಳನ್ನು ಕೂರಿಸಿಕೊಳ್ಳಿ.

ಓದುವಾಗ ಭಾಷಣಕ್ಕೆ ಮರುಳಾಗಬೇಡಿ. ನಾವು ತಾಳಮದ್ದಳೆಯ ಊರಿನವರು, ಚೆನ್ನಾಗಿ ಮಾತಾಡಿದವರಿಗೆ ಸೋಲುವುದು ನಮ್ಮ ರಕ್ತದಲ್ಲೇ ಇದೆ. ಸದನದಲ್ಲಿ ಪಕ್ಷೇತರರಿಗೆ ಭಾಷಣಕ್ಕೆ ಸಿಗುವುದೇ ಕೆಲವು ನಿಮಿಷ. ಸಮಯ ಹಂಚುವುದು ಪಕ್ಷದ ಬಲ ನೋಡಿ. ದೊಡ್ಡ ಪಕ್ಷಗಳೆಲ್ಲ ಮುಗಿಸಿ, ಹೊಟ್ಟೆ ಹಸಿದು, ಅರ್ಧ ಕುರ್ಚಿ ಖಾಲಿಯಾದ ಮೇಲೆ ಇವರ ಸರದಿ. ಬೆಲ್ಲು ಬಾರಿಸುತ್ತದೆ, ಮುಗಿಸಿ ಅನ್ನುತ್ತಾರೆ, ಮೈಕ್ ಇನ್ನೊಬ್ಬರಿಗೆ ಹೋಗುತ್ತದೆ.

ನೀವು ನೋಡಬೇಕಾದ್ದು ಪ್ರಶ್ನೆಗಳು. ಇಲ್ಲಿ ಪಕ್ಷೇತರರೂ ಪಕ್ಷದವರೂ ಹೆಚ್ಚು ಕಮ್ಮಿ ಸಮ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಒಂದು ಪುಟ ತೆರೆದರೆ ಹೀಗಿರುತ್ತದೆ: ಮೇಲೆ ನಂಬರು, ವಿಷಯ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆ ಎ, ಬಿ, ಸಿ ಅಂತ ಒಡೆದಿರುತ್ತದೆ. ಇಂಥ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಷ್ಟು ಹುದ್ದೆ ಖಾಲಿ ಇದೆ, ಎ. ಅದರಲ್ಲಿ ಕನ್ನಡ ಬಲ್ಲವರನ್ನು ನೇಮಿಸಲು ಏನು ಕ್ರಮ ಆಗಿದೆ, ಬಿ. ಯಾವಾಗ ತುಂಬುತ್ತೀರಿ, ಸಿ. ಇದು ಸುಮ್ನೆ ನಾನು ಮಾಡಿದ ಉದಾಹರಣೆ. ಆದರೆ ಉತ್ತರದ ಕಡೆ ಒಂದು ವಾಕ್ಯ ಬರುತ್ತದೆ ನೋಡಿ, ಅದು ಉದಾಹರಣೆಯಲ್ಲ, ಕೇರಳದಲ್ಲಿ ಬಹಳ ಪ್ರಸಿದ್ಧ: ಮಾಹಿತಿ ಸಂಗ್ರಹಿಸಲಾಗುತ್ತಿದೆ. ಎ, ಬಿ, ಸಿ ಮೂರಕ್ಕೂ ಸೇರಿಸಿ ಒಂದು ಗೆರೆ ಎಳೆದು ಇಷ್ಟೇ ಬರೆದಿರುತ್ತಾರೆ.

ಅಲ್ಲಿಂದ ಮುಂದೆಯೇ ಶಾಸಕರ ಪರೀಕ್ಷೆ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತ ಉತ್ತರ ಬಂದ ಮೇಲೆ ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಹಾಕಿದ್ದಾರಾ? ಅಥವಾ ಪತ್ರಿಕೆಯಲ್ಲಿ ಸದನದಲ್ಲಿ ಪ್ರಸ್ತಾಪ ಅಂತ ಒಂದು ಸುದ್ದಿ ಬಂದ ಕೂಡಲೇ ಬಿಟ್ಟರಾ? ಪ್ರಶ್ನೆಗಳ ಸಂಖ್ಯೆಯಿಂದ ಇದು ಗೊತ್ತಾಗುವುದಿಲ್ಲ. ನೂರಾರು ಪ್ರಶ್ನೆ ಕೇಳಿದ ಶಾಸಕ ಅಂತ ಪೋಸ್ಟರ್ ಹಾಕುತ್ತಾರೆ. ಅದರಲ್ಲಿ ಎಷ್ಟೋ ಪ್ರಶ್ನೆಗಳಿಗೆ ಮೂರು ನಾಲ್ಕು ಜನರ ಸಹಿ ಒಟ್ಟಿಗೆ ಇರುತ್ತದೆ, ಆಫೀಸಿನವರು ಬರೆದುಕೊಟ್ಟದ್ದೂ ಇರುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ವಿಷಯವನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಐದು ಲಕ್ಷ ಕೊಡಿ, ಮೂರು ತಿಂಗಳಲ್ಲಿ ಕೊಡಿ ಅಂತ ಹೇಳಿದ್ದು 2017ರ ಜನವರಿಯಲ್ಲಿ. ಅದರ ನಂತರದ ಒಂದೊಂದು ಅಧಿವೇಶನದಲ್ಲೂ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಅಂತ ಊರುಗಳ ಹೆಸರು ಹಿಡಿದು ಯಾರು ಕೇಳಿದ್ದಾರೆ ಅಂತ ಹುಡುಕಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಆ ಹೆಸರನ್ನೂ ಹುಡುಕಿ. ಒಂದು ಸಂಜೆಯ ಕೆಲಸ. ಶಾಸಕ ಹೇಗಿದ್ದ ಅಂತ ಸಭೆಯ ವೇದಿಕೆಯಲ್ಲಿ ಹೊಗಳುವವರಿಗಿಂತ ಜಾಸ್ತಿ ನಿಮಗೆ ತಿಳಿಯುತ್ತದೆ.

ಇನ್ನೊಂದನ್ನು ಹೇಳಿ ಪ್ರಶ್ನೆಗೆ ಬಿಡುತ್ತೇನೆ. ರಾಜ್ಯಸಭೆಯ ಚುನಾವಣೆ. 2003ರ ತಿದ್ದುಪಡಿಯ ಮೇಲೆ ಅದು ಗುಪ್ತ ಮತದಾನ ಅಲ್ಲ. ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಪಕ್ಷೇತರರು ಯಾರಿಗೂ ತೋರಿಸುವ ಹಾಗಿಲ್ಲ, ತೋರಿಸಿದರೆ ಮತ ರದ್ದು. ಇಡೀ ಸದನದಲ್ಲಿ ಇವರದ್ದು ಮಾತ್ರ ಗುಟ್ಟು! ಕೊಡುಕೊಳ್ಳುವ ವ್ಯಾಪಾರ ಎಲ್ಲಿ ಸುಲಭ ಅಂತ ನೀವೇ ಯೋಚಿಸಿ. ನಾನು ಪಕ್ಷೇತರರ ಅಭಿಮಾನಿ ಅಂತ ಇಲ್ಲಿ ಕೆಲವರು ತಿಳಿದಿದ್ದೀರಿ, ಇದು ಅವರಿಗೆ.

ಪ್ರಶ್ನೋತ್ತರ

ಮುಂದಿನ ಸಾಲಿನ ಹಿರಿಯರೊಬ್ಬರು: ಮಾಷ್ಟ್ರೇ, ಡಿವಿಷನ್ ಕೇಳಬೇಕು ಅಂತ ಹೇಳಿದಿರಿ. ಒಬ್ಬ ಕೇಳಿದರೆ ಸೋಲುವುದು ಖಂಡಿತ. ಸೋಲುವುದು ಗೊತ್ತಿದ್ದೂ ಎಲ್ಲರ ಸಮಯ ಯಾಕೆ ಹಾಳು ಮಾಡಬೇಕು?

ಸೋಲಲಿ. ಭಟ್ರೇ, ಅವರು ಗೆಲ್ಲಲಿಕ್ಕೆ ಕೇಳುವುದಲ್ಲ. ಉಳಿದ 139 ಜನರ ಹೆಸರು ಪುಸ್ತಕಕ್ಕೆ ಬರಲಿ ಅಂತ ಕೇಳುವುದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂತು. ಇಲ್ಲಿ ಎಷ್ಟು ಸಭೆ, ಎಷ್ಟು ಪ್ರತಿಭಟನೆ ಆಯಿತು ಅಂತ ನಿಮಗೆ ನೆನಪಿದೆ. ಅಂಥ ಒಂದು ಕಾನೂನಿನ ಒಂದೊಂದು ಕಲಮಿಗೂ ನಮ್ಮ ಜಿಲ್ಲೆಯ ಐದು ಶಾಸಕರು ಯಾವ ಕಡೆ ಇದ್ದರು ಅಂತ ಹೆಸರು ಸಮೇತ ಇದ್ದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಬಂದಾಗ ಕಾಗದ ತೋರಿಸಿ ಮಾತಾಡಬಹುದು. ಪಕ್ಷದವರು ಡಿವಿಷನ್ ಕೇಳಬೇಕಾದರೆ ಮೇಲಿನವರ ಮುಖ ನೋಡಬೇಕು. ಪಕ್ಷೇತರರು ನೋಡಬೇಕಾಗಿಲ್ಲ. ಹತ್ತು ನಿಮಿಷ ಹೋಗುತ್ತದೆ, ಹೋಗಲಿ.

ಒಬ್ಬ ಯುವಕ: ನೀವು ಹೇಳುವುದೆಲ್ಲ ಸರಿ ಸರ್. ಆದರೆ ಪಕ್ಷೇತರ ಗೆದ್ದರೆ ರಸ್ತೆಗೆ ದುಡ್ಡು ತರುತ್ತಾನಾ? ಆಳುವ ಪಕ್ಷದವನಾದರೆ ಮಂತ್ರಿಯ ಹತ್ತಿರ ಹೋಗಿ ಕೂರಬಹುದು.

ಇದು ನ್ಯಾಯವಾದ ಮಾತು. ಶಾಸಕರ ನಿಧಿ ಎಲ್ಲರಿಗೂ ಇದೆ, ಪಕ್ಷೇತರರಿಗೂ ಸಮ ಪಾಲು. ಅದರಾಚೆಗಿನದ್ದಕ್ಕೆ ಮಂತ್ರಿಗಳ ಮನಸ್ಸು ಬೇಕು. ಆ ಐದು ಜನ ಯಡಿಯೂರಪ್ಪನವರಿಗೆ ಬೆಂಬಲ ಕೊಟ್ಟದ್ದಕ್ಕೆ ಕ್ಷೇತ್ರದ ಅಭಿವೃದ್ಧಿ ಅಂತಲೇ ಕಾರಣ ಹೇಳಿದ್ದು, ಎಲ್ಲಾ ಪಕ್ಷೇತರರೂ ಹೇಳುವುದು ಅದನ್ನೇ. ಕೆಲವೊಮ್ಮೆ ನಿಜವೂ ಹೌದು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಆರುನೂರು ಕಿಲೋಮೀಟರಿನ ಹತ್ತಿರ. ಸಂಜೆ ಮಲಬಾರೋ ಮಾವೇಲಿಯೋ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುವುದು. ಅಷ್ಟು ದೂರ ಹೋಗಿ ಮಂತ್ರಿಯ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತು ಬರುವ ಶಾಸಕರಿಂದ ಏನು ಪ್ರಯೋಜನ ಅಂತ ನೀವು ಕೇಳಿದರೆ ನನ್ನ ಹತ್ತಿರ ಚಂದದ ಉತ್ತರ ಇಲ್ಲ. ಆದರೆ ಆಳುವ ಪಕ್ಷದವರನ್ನು ಗೆಲ್ಲಿಸಿದ ವರ್ಷಗಳಲ್ಲಿ ನಮ್ಮ ರಸ್ತೆ ಹೇಗಿತ್ತು ಅನ್ನುವುದನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ.

ಹಿಂದಿನಿಂದ ಒಬ್ಬ ತಂಗಿ: ಪಂಚಾಯತಿನಲ್ಲಿ ಪಕ್ಷೇತರರಾಗಿ ನಿಂತರೆ ಇದೇ ಕಾನೂನಾ?

ಇಲ್ಲ ಮಗಾ, ಅಲ್ಲಿ ಬೇರೆ. ಕೇರಳದಲ್ಲಿ ಪಂಚಾಯತು, ನಗರಸಭೆಗಳಿಗೆ 1999ರ ಪಕ್ಷಾಂತರ ಕಾನೂನು ಇದೆ, ಅದು ಇನ್ನೂ ಬಿಗಿ. ಪಕ್ಷಗಳ ಯಾವ ಕೂಟಕ್ಕೂ ಸೇರದೆ ಪಕ್ಷೇತರರಾಗಿ ಗೆದ್ದವರು ಆಮೇಲೆ ಪಕ್ಷಕ್ಕೆ ಸೇರಿದರೆ ಮಾತ್ರ ಅಲ್ಲ, ಕೂಟಕ್ಕೆ ಸೇರಿದರೂ ಸದಸ್ಯತ್ವ ಹೋಗುತ್ತದೆ. ಮತ್ತೆ ಅಧ್ಯಕ್ಷರ ಆಯ್ಕೆಯಲ್ಲಿ ಮತಪತ್ರದ ಹಿಂದೆ ಹೆಸರು ಬರೆದು ಸಹಿ ಹಾಕಬೇಕು. ವಿಧಾನಸಭೆಯಲ್ಲಿ ಸಿಗದೇ ಇರುವುದು ನಮ್ಮ ವಾರ್ಡ್ ಮೆಂಬರಿನ ವಿಷಯದಲ್ಲಿ ಸಿಗುತ್ತದೆ, ಯಾರಿಗೆ ಹಾಕಿದರು ಅಂತ ಸಹಿ ಸಮೇತ. ಪಂಚಾಯತ್ ಸಮಿತಿ ಸಭೆಯಲ್ಲಿ ಒಂದು ತೀರ್ಮಾನಕ್ಕೆ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ವಿಯೋಜನಕ್ಕುರಿಪ್ಪು, ಅಂದರೆ ಒಪ್ಪಿಗೆ ಇಲ್ಲ ಅನ್ನುವ ಟಿಪ್ಪಣಿ, ಬರೆದುಕೊಡಿ, ಅದು ಮಿನಿಟ್ಸ್ ಜೊತೆ ಉಳಿಯುತ್ತದೆ. ಬಾಯಲ್ಲಿ ಹೇಳಿ ಬಂದರೆ ಸಾಲದು. ಬರೆದುಕೊಡುವಾಗ ಕನ್ನಡದಲ್ಲೇ ಬರೆಯಿರಿ, ಒಂದು ನಕಲಿಗೆ ಸೀಲು ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ.